ಡಿಗ್ರಿಯ ಮಿನಿಟು, ಗಡಿಯಾರದ ನಿಮಿಷ

ರಮಝಾನ್ ಬಂತೆಂದರೆ ಇಫ್ತಾರ್ ವೇಳಾಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಬೆಂಗಳೂರಿನ ಪಟ್ಟಿಯನ್ನು ಮಂಗಳೂರಿನಲ್ಲಿ ಅನುಸರಿಸಿದರೆ ಸೂರ್ಯ ಮುಳುಗುವ ಮೊದಲೇ ಉಪವಾಸ ತೊರೆದಂತಾಗುತ್ತದೆ. ದಿನವಿಡೀ ಹಸಿದಿದ್ದವರ ಉಪವಾಸ ಕೆಲವೇ ನಿಮಿಷಗಳ ಅವಸರದಿಂದ ಕೆಡುತ್ತದೆ. ಎಷ್ಟು ನಿಮಿಷಗಳ ವ್ಯತ್ಯಾಸ ಎಂಬುದನ್ನು ನಾವೇ ಲೆಕ್ಕ ಹಾಕಬಹುದು.

ಭೂಮಿಯು ಸೂರ್ಯನಿಗೆದುರಾಗಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಒಂದು ಡಿಗ್ರಿಯಲ್ಲಿ 60 ಭಾಗಗಳಿವೆ. ಆ ಭಾಗಕ್ಕೂ 'ಮಿನಿಟು' ಎಂದೇ ಹೆಸರು. ಕನ್ನಡದಲ್ಲಿ 'ಕಲೆ' ಎನ್ನುತ್ತೇವೆ. ಇದು ಗಡಿಯಾರದ ನಿಮಿಷವಲ್ಲ. ಒಂದು ಕಲೆಯೆಂದರೆ ಗಡಿಯಾರದಲ್ಲಿ ಬರೀ 4 ಸೆಕೆಂಡು.

ಬೆಂಗಳೂರಿನ ರೇಖಾಂಶ ಸುಮಾರು 77 ಡಿಗ್ರಿ 35 ಕಲೆ. ಮಂಗಳೂರಿನದು 74 ಡಿಗ್ರಿ 51 ಕಲೆ. 35ರಿಂದ 51 ಕಳೆಯಲಾಗದು. ಒಂದು ಡಿಗ್ರಿ ಎರವಲು ತಂದರೆ ಸಿಗುವುದು 100 ಅಲ್ಲ, 60. ಆದ್ದರಿಂದ 76 ಡಿಗ್ರಿ 95 ಕಲೆಯಿಂದ ಕಳೆಯಬೇಕು. ಉತ್ತರ 2 ಡಿಗ್ರಿ 44 ಕಲೆ. 2 ಡಿಗ್ರಿಗೆ 8 ನಿಮಿಷ. 44 ಕಲೆಗೆ 176 ಸೆಕೆಂಡು, ಅಂದರೆ 2 ನಿಮಿಷ 56 ಸೆಕೆಂಡು. ಒಟ್ಟು 10 ನಿಮಿಷ 56 ಸೆಕೆಂಡು. ಮಂಗಳೂರಿನ ಮಗ್ರಿಬ್ ಸುಮಾರು 11 ನಿಮಿಷ ತಡ.

ಮೊಬೈಲುಗಳು ಹೆಚ್ಚಾಗಿ ದಶಮಾಂಶದಲ್ಲಿ ತೋರಿಸುತ್ತವೆ. ಎಡವುವುದು ಇಲ್ಲಿಯೇ. 2 ಡಿಗ್ರಿ 44 ಕಲೆಯೆಂದರೆ 2.44 ಅಲ್ಲ. 44ನ್ನು 60ರಿಂದ ಭಾಗಿಸಿದರೆ 0.73; ಆದ್ದರಿಂದ 2.73 ಡಿಗ್ರಿ. 2.44 ಎಂದು ಹಿಡಿದರೆ ಒಂದು ನಿಮಿಷಕ್ಕೂ ಹೆಚ್ಚು ಮೊದಲೇ ಖರ್ಜೂರ ಬಾಯಿಗೆ ಬೀಳುತ್ತದೆ. ದಶಮಾಂಶದಿಂದ ಕಲೆಗೆ ಬರಲು 60ರಿಂದ ಗುಣಿಸಿದರಾಯಿತು. ಬೆಂಗಳೂರಿನಿಂದ ಕಿಬ್ಲಾ ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 288.5 ಡಿಗ್ರಿ. ಅಂದರೆ 288 ಡಿಗ್ರಿ 30 ಕಲೆ, 5 ಕಲೆಯಲ್ಲ.

ಒಂದು ಎಚ್ಚರಿಕೆ. ಈ ಲೆಕ್ಕ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿರುವ ಊರುಗಳಿಗೆ ಮಾತ್ರ. ಬೀದರಿನ ರೇಖಾಂಶ ಬೆಂಗಳೂರಿನದಕ್ಕೆ ಬಹಳ ಹತ್ತಿರ. ಆದರೂ ಬೀದರ್ ಉತ್ತರದಲ್ಲಿರುವುದರಿಂದ ಅಲ್ಲಿ ಬೇಸಿಗೆಯಲ್ಲಿ ಸೂರ್ಯಾಸ್ತ ತಡ, ಚಳಿಗಾಲದಲ್ಲಿ ಬೇಗ.

ಆದ್ದರಿಂದ ವೇಳಾಪಟ್ಟಿ ಕೈಗೆ ಬಂದಾಗ ಮೊದಲು ಅದರಲ್ಲಿರುವ ಊರಿನ ಹೆಸರು ನೋಡಿ. ಹೆಸರಿಲ್ಲದ ಪಟ್ಟಿಯನ್ನು ನಂಬಿ ಉಪವಾಸ ತೊರೆಯಬೇಡಿ. ನಿಮ್ಮ ಮೊಹಲ್ಲಾದ ಮಸೀದಿಯ ಅಝಾನ್‌ಗೆ ಕಿವಿಗೊಡಿ.