ನೀರು ಇಳಿದಂತೆ ಏರಿದ ಭಾರ

ಹೆಬ್ಬೂರು ಸುತ್ತಿನ ತೆಂಗು, ಅಡಿಕೆ ತೋಟಗಳಲ್ಲಿ ಬೇಸಿಗೆ ಕಾಲಿಟ್ಟರೆ ‘ಬೋರಿನ ಮೋಟಾರ್ ಎತ್ತಿಸ್ಬೇಕು’ ಎನ್ನುವ ಮಾತೂ ಶುರುವಾಗುತ್ತದೆ. ಮೂರು ಕಾಲಿನ ಸ್ಟ್ಯಾಂಡು, ಅದರ ನೆತ್ತಿಗೆ ಚೈನ್ ಪುಲ್ಲಿ, ಎರಡು ಜೊತೆ ಕ್ಲಾಂಪು, ಪೈಪ್ ರೆಂಚು, ನಾಲ್ಕೈದು ಆಳು. ಕಾರ್ಖಾನೆಯಲ್ಲಾದರೆ ಇದಕ್ಕೆ ಪರಿಶೀಲನೆ, ದಾಖಲೆ ಎಲ್ಲ ಇರುತ್ತದೆ. ತೋಟದಲ್ಲಿ ಅನುಭವವೇ ಎಲ್ಲ.

ಬಾವಿಯಿಂದ ಭಾರ ಎತ್ತುವುದು ಈ ಸೀಮೆಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಪಿಲೆಯನ್ನೂ ಏತವನ್ನೂ ಬರೆದಿಟ್ಟಿದ್ದಾನೆ. ಕಪಿಲೆಯೆಂದರೆ ಬಾವಿಯ ಬಾಯಿಗೆ ರಾಟೆ, ಮಿಣಿಗೆ ಕಟ್ಟಿದ ಬಾನಿ, ಇಳಿಜಾರಿನಲ್ಲಿ ಎತ್ತುಗಳು. ಎತ್ತು ಇಳಿಯುವಾಗ ಕಪಿಲೆ ಹೊಡೆಯುವವನು ಹಗ್ಗದ ಮೇಲೆಯೇ ಕೂತು ತನ್ನ ಭಾರವನ್ನೂ ಸೇರಿಸುತ್ತಿದ್ದ. ಹರಿದರೆ ಬೀಳುವವನು ತಾನೇ ಆದ್ದರಿಂದ ಹಗ್ಗದ ಮೇಲೆ ಒಂದು ಕಣ್ಣು ಇಟ್ಟೇ ಇರುತ್ತಿದ್ದ.

ಆಮೇಲೆ ಪಂಪ್‌ಸೆಟ್ ಬಂತು, ಕಪಿಲೆ ಮೂಲೆ ಸೇರಿತು. ತೆರೆದ ಬಾವಿಗಳು ಬತ್ತಿದಂತೆ ಗಟ್ಟಿ ಕಲ್ಲು ಕೊರೆಯುವ ರಿಗ್‌ಗಳು ಬಂದವು. ತಮಿಳುನಾಡಿನ ತಿರುಚೆಂಗೋಡಿನ ಲಾರಿಗಳು ಊರೂರು ತಿರುಗಿದವು. ಸಬ್‌ಮರ್ಸಿಬಲ್ ಮೋಟಾರು ನೆಲದಡಿ ಸೇರಿದ ಮೇಲೆ ನೀರಿನ ಬದಲು ಮೋಟಾರನ್ನೇ ಎತ್ತುವ ಹೊಸ ಕಸುಬು ಹುಟ್ಟಿತು. ಕೈಬಿಟ್ಟರೂ ಜಾರದಂತೆ ಹೊರೆಯನ್ನು ತಡೆದು ನಿಲ್ಲಿಸುವ ಚೈನ್ ಪುಲ್ಲಿಯಿಂದ ಅದು ಸಲೀಸಾಯಿತು. ಇಂಥ ಸಲಕರಣೆಗೆ 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ವರ್ಷಕ್ಕೊಮ್ಮೆಯಾದರೂ ಬಲ್ಲವರ ತಪಾಸಣೆ ಕಡ್ಡಾಯ ಮಾಡಿತ್ತು. ಆ ನಿಯಮ ತೋಟದ ಬೇಲಿ ದಾಟಿ ಒಳಗೆ ಬರಲಿಲ್ಲ.

ಅಷ್ಟರಲ್ಲಿ ನೀರು ಆಳಕ್ಕೆ ಇಳಿಯುತ್ತ ಹೋಯಿತು. ಒಂದೂವರೆ ಇಂಚಿನ, 20 ಅಡಿಯ ಒಂದು ಜಿಐ ಪೈಪು ಸುಮಾರು 22 ಕೆ.ಜಿ. ತೂಗುತ್ತದೆ. ಕೆಳಗಿನ ವಾಲ್ವು ತಡೆದು ನಿಲ್ಲಿಸಿದ ನೀರು ಪ್ರತಿ ಪೈಪಿಗೆ ಇನ್ನೊಂದು 8 ಕೆ.ಜಿ. ಪಂಪು, ಮೋಟಾರು ಸೇರಿ ಅರ್ಧ ಕ್ವಿಂಟಾಲ್ ಎಂದುಕೊಳ್ಳಿ. 200 ಅಡಿಗೆ ಹತ್ತು ಪೈಪು, ಒಟ್ಟು 350 ಕೆ.ಜಿ. 600 ಅಡಿಗೆ ಮೂವತ್ತು ಪೈಪು, ಹತ್ತಿರಹತ್ತಿರ ಒಂದು ಟನ್. ಬೋರಿನಲ್ಲಿ ನೀರಿದ್ದರೆ ಅದರ ಮಟ್ಟದಿಂದ ಕೆಳಗೆ ಪೈಪಿನೊಳಗಿರುವ ನೀರು ಹೊರೆಯಾಗುವುದಿಲ್ಲ. ಬೋರು ಬತ್ತಿದಷ್ಟೂ ಕೊಕ್ಕೆಗೆ ಭಾರ ಜಾಸ್ತಿ. ಆದರೆ 200 ಅಡಿಯ ಕಾಲದಲ್ಲಿ ಕೊಂಡ ಪುಲ್ಲಿಯೇ 600 ಅಡಿಗೂ ಬಂದರೆ?

ಪುಲ್ಲಿ, ಕೊಕ್ಕೆ, ಶಾಕಲ್‌ಗಳ ಮೇಲೆ ಅವು ಹೊರಬಲ್ಲ ಭಾರವನ್ನು ಅಚ್ಚೊತ್ತಿರುತ್ತಾರೆ. ಅದಕ್ಕೂ ಮೀರಿ ತಯಾರಕರು ಬಿಟ್ಟಿರುವ ಹೆಚ್ಚಿನ ತ್ರಾಣ ಸವೆತಕ್ಕೆ, ಜರ್ಕಿಗೆ ಇಟ್ಟದ್ದು, ನಮ್ಮ ಖರ್ಚಿಗಲ್ಲ. ಮೋಟಾರು ಹೂಳಿಗೆ ಕಚ್ಚಿಕೊಂಡಾಗ ಇನ್ನಿಬ್ಬರು ಕೈ ಹಾಕಿ ಜಗ್ಗುತ್ತಾರೆ. ಆಗ ಪುಲ್ಲಿಯ ಮೇಲೆ ಬೀಳುವ ಎಳೆತಕ್ಕೆ ಯಾವ ಲೆಕ್ಕವೂ ಇಲ್ಲ.

ಕೊಕ್ಕೆಯ ಬಾಯಿ ಅಗಲವಾಗಿದ್ದರೆ, ಬಾಯಿಗೆ ಅಡ್ಡ ಬರುವ ಲಾಚ್ ಮುರಿದಿದ್ದರೆ ಅದು ಗುಜರಿಗೆ. ಸ್ಟೀಲ್ ರೋಪಿಗೆ ಕ್ಲಿಪ್ ಹಾಕುವಾಗ ಯು-ಬೋಲ್ಟು ಭಾರ ಹೊರದ ತುಂಡು ತುದಿಯ ಮೇಲೆ, ಅಗಲ ತಳ ಭಾರ ಹೊರುವ ಎಳೆಯ ಮೇಲೆ ಕೂರಬೇಕು. ತಿರುವುಮುರುವಾದರೆ ಬೋಲ್ಟೇ ರೋಪನ್ನು ಜಜ್ಜುತ್ತದೆ. ಮೇಲಿನ ಪೈಪನ್ನು ಬಿಚ್ಚುವಾಗ ಕೆಳಗಿನದಷ್ಟೂ ಕೇಸಿಂಗ್ ಬಾಯಿಗೆ ಕೂತ ಒಂದು ಕ್ಲಾಂಪಿನ ಮೇಲೆ ನಿಂತಿರುತ್ತದೆ. ಅದರ ಬೋಲ್ಟಿನ ಮರೆ ಸವೆದಿದ್ದರೆ ಮೋಟಾರು ಪಾತಾಳಕ್ಕೆ. ಹಿಡಿಯಲು ಹೋದ ಕೈಗೂ ಗ್ಯಾರಂಟಿ ಇಲ್ಲ. ಇವೆಲ್ಲಕ್ಕಿಂತ ಮೊದಲು ತಲೆ ಎತ್ತಿ ನೋಡಬೇಕು: 20 ಅಡಿ ಪೈಪು ನೆಟ್ಟಗೆ ಏರಿ ಕರೆಂಟಿನ ತಂತಿಗೆ ತಾಗಿದರೆ ಹಿಡಿದವರು ಉಳಿಯುವುದು ಕಷ್ಟ. ಹತ್ತಿರ ಲೈನು ಇದ್ದರೆ ಅದನ್ನು ಆಫ್ ಮಾಡಿಸದೆ ಕೆಲಸ ಶುರು ಮಾಡಬಾರದು.

ಈಗ ಹಗುರ ಯುಪಿವಿಸಿ ಪೈಪು, ಗಾಡಿ ಮೇಲಿನ ವಿಂಚು ಬಂದಿವೆ. ಹೇಮಾವತಿ ನೀರನ್ನು ಕೆರೆಗಳಿಗೆ ಹರಿಸುವ ಹೆಬ್ಬೂರು–ಗೂಳೂರು ಏತ ನೀರಾವರಿ ಯೋಜನೆಯೂ ಇದೆ. ಕೆರೆ ತುಂಬಿ ಬೋರಿನ ನೀರು ಮೇಲೆ ಬಂದರೆ ಕೊಕ್ಕೆಗೂ ಹಗುರ. ಸದ್ಯಕ್ಕೆ ಮೋಟಾರ್ ಎತ್ತುವವರು ಬಂದ ಕೂಡಲೇ ಕೇಳುವುದು ‘ಎಷ್ಟು ಪೈಪು ಇಳಿಸಿದ್ದೀರಿ?’ ಎಂದು, ಕೂಲಿ ಗೊತ್ತುಮಾಡಲು. ಒಂದೂವರೆ ಇಂಚಿನ ಜಿಐ ಪೈಪಾದರೆ ಅದೇ ಸಂಖ್ಯೆಯನ್ನು ಮೂವತ್ತರಿಂದ ಗುಣಿಸಿ, ಐವತ್ತು ಕೂಡಿಸಿ, ಪುಲ್ಲಿಯ ಮೇಲಿನ ಅಚ್ಚಿನೊಂದಿಗೆ ಹೋಲಿಸಿದರೆ ಅರ್ಧ ಸುರಕ್ಷತೆ ಅಲ್ಲೇ ಆಯಿತು.