ಗುಡ್ಡೆಯಲ್ಲಿ ಕಟ್ಟಿದ ದನಕ್ಕೆ, ಆಡಿಗೆ ನೀರು ಕೊಡುವವರು ಯಾರು? ಬೇಸಿಗೆಯಲ್ಲಿ ಗಮನಿಸಬೇಕಾದ ಸಂಗತಿಗಳು

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಆದರೆ ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಂದು ಹೋಗುತ್ತದೆ. ಮುರಕಲ್ಲಿನ ಗುಡ್ಡೆಗಳಲ್ಲಿ ಆ ನೀರು ಹೆಚ್ಚು ದಿನ ನಿಲ್ಲುವುದಿಲ್ಲ. ಫೆಬ್ರವರಿ ಬರುವಷ್ಟರಲ್ಲಿ ಹೊಂಡಗಳು ಒಣಗಿರುತ್ತವೆ, ತೋಡುಗಳಲ್ಲಿ ಹರಿವು ನಿಂತಿರುತ್ತದೆ.

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಭಾಗದಲ್ಲಿ ದನ, ಆಡು ಸಾಕುವ ಹಲವು ಮನೆಗಳಲ್ಲಿ ಒಂದು ರೂಢಿ ಇದೆ. ಬೆಳಗ್ಗೆ ಗುಡ್ಡೆಗೋ ಕೊಯ್ಲು ಮುಗಿದ ಗದ್ದೆಗೋ ಒಯ್ದು ಗೂಟಕ್ಕೆ ಕಟ್ಟಿ ಬರುವುದು, ಸಂಜೆ ಹಟ್ಟಿಗೆ ತಂದ ಮೇಲೆ ನೀರು ಕೊಡುವುದು. ನಡುವಿನ ಏಳೆಂಟು ಗಂಟೆ ಬಿಸಿಲಲ್ಲಿ ಅವಕ್ಕೆ ಒಂದು ಹನಿ ನೀರೂ ಇಲ್ಲ. ಬಿಟ್ಟು ಮೇಯಿಸುವ ಪ್ರಾಣಿ ಬಾಯಾರಿದರೆ ತಾನೇ ನೀರು ಹುಡುಕಿಕೊಂಡು ಹೋಗುತ್ತದೆ. ಕಟ್ಟಿದ ಪ್ರಾಣಿಗೆ ಆ ದಾರಿ ಇಲ್ಲ. ಹಗ್ಗ ಕಟ್ಟಿದವರೇ ನೀರನ್ನು ಅದರ ಬಳಿಗೆ ಒಯ್ಯಬೇಕು.

ಎಷ್ಟು ನೀರು ಬೇಕು?

ಹಾಲು ಕೊಡದ ಊರ ಗಿಡ್ಡ ದನಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 20ರಿಂದ 30 ಲೀಟರ್ ಬೇಕಾಗುತ್ತದೆ. ಹಾಲು ಕರೆಯುವ ಮಿಶ್ರತಳಿ ದನಕ್ಕೆ 60 ಲೀಟರ್ ದಾಟಬಹುದು. ಹಾಲಿನಲ್ಲಿ ಶೇ. 87ರಷ್ಟು ನೀರೇ ಇರುವುದರಿಂದ, ಒಂದು ಲೀಟರ್ ಹಾಲಿಗೆ ಹೆಚ್ಚುವರಿಯಾಗಿ 3ರಿಂದ 4 ಲೀಟರ್ ನೀರು ಬೇಕು ಎಂಬುದು ಸಾಮಾನ್ಯ ಲೆಕ್ಕ. ಆಡಿಗೆ 4ರಿಂದ 8 ಲೀಟರ್.

ಮಳೆಗಾಲದಲ್ಲಿ ಇಷ್ಟೊಂದು ಕುಡಿಯುವುದಿಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಉತ್ತರ ಹುಲ್ಲಿನಲ್ಲೇ ಇದೆ. ಎಳೆಯ ಹಸಿ ಹುಲ್ಲಿನಲ್ಲಿ ಶೇ. 80ರಷ್ಟು ನೀರಿರುತ್ತದೆ. 30 ಕಿಲೋ ಹಸಿ ಹುಲ್ಲು ತಿಂದ ದನಕ್ಕೆ ಅದರಲ್ಲೇ 24 ಲೀಟರ್ ನೀರು ಸಿಕ್ಕಿತು. ಬೈಹುಲ್ಲಿನಲ್ಲಿ ಇರುವುದು ಶೇ. 10ರಷ್ಟು ಮಾತ್ರ. ಹಾಗಾಗಿ ಬೇಸಿಗೆಯಲ್ಲಿ ಎರಡೂ ಕಡೆಯಿಂದ ಹೊಡೆತ: ಮೇವಿನಲ್ಲಿ ನೀರಿಲ್ಲ, ಬಿಸಿಲಿಗೆ ಮೈಯಿಂದ ಹೋಗುವ ನೀರು ಹೆಚ್ಚು.

ಅಕ್ಕಚ್ಚು ನೀರಿಗೆ ಬದಲಿಯಲ್ಲ

ಸಂಜೆ ಒಂದು ಬಾಲ್ದಿ ಅಕ್ಕಚ್ಚು ಕೊಟ್ಟರೆ ಆಯಿತು ಎಂಬ ಭಾವನೆ ಹಲವರಲ್ಲಿದೆ. ಗಂಜಿ ತಿಳಿ, ಅಕ್ಕಿ ತೊಳೆದ ನೀರು ಸ್ವಲ್ಪ ಕೊಟ್ಟರೆ ತೊಂದರೆಯಿಲ್ಲ. ಆದರೆ ಅದರ ಜೊತೆಗೆ ಬರೀ ನೀರನ್ನೂ ಇಡಬೇಕು. ಮದುವೆ ಮನೆಯಲ್ಲಿ ಉಳಿದ ಅನ್ನ, ಬಿರಿಯಾನಿಯನ್ನು ದನಕ್ಕೆ, ಆಡಿಗೆ ಹೊಟ್ಟೆ ತುಂಬ ಹಾಕುವುದಂತೂ ಬಹಳ ಅಪಾಯ. ಒಮ್ಮೆಲೇ ಹೆಚ್ಚು ಅನ್ನ ತಿಂದರೆ ಹೊಟ್ಟೆಯೊಳಗೆ ಆಮ್ಲ ಏರಿ, ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಂಡು ಪ್ರಾಣಿ ಸಾಯಲೂಬಹುದು.

ಎಂಥ ನೀರು ಕೊಡಬಾರದು?

ಕರಾವಳಿಗೆ ಹತ್ತಿರದ ಹೊಳೆಗಳಲ್ಲಿ ಬೇಸಿಗೆಯಲ್ಲಿ ಉಬ್ಬರದ ಉಪ್ಪು ನೀರು ಒಳಕ್ಕೆ ಏರುತ್ತದೆ. ಹೊಳೆ ಬದಿಯಲ್ಲಿ ಕಟ್ಟಿದರೆ ನೀರಿನ ಚಿಂತೆಯಿಲ್ಲ ಅಂದುಕೊಳ್ಳುವುದು ತಪ್ಪು. ನಾಲಿಗೆಗೆ ಚೆನ್ನಾಗಿ ಉಪ್ಪು ತಾಗುವ ನೀರು ಗಬ್ಬದ ದನಕ್ಕೂ ಹಾಲು ಕೊಡುವ ದನಕ್ಕೂ ಬೇಡ.

ದನಗಳು ಇಳಿದು ಸೆಗಣಿ, ಮೂತ್ರ ಬೆರೆತ ಕೆರೆಯ ನೀರಿನಿಂದ ಇಲಿಜ್ವರದಂಥ ರೋಗ ಹರಡಬಹುದು. ಇದು ಮನುಷ್ಯರಿಗೂ ಬರುವ ರೋಗ. ಬಸವನಹುಳು ಇರುವ ಕೆಸರು ಜಾಗಗಳಲ್ಲಿ ಮೇದು, ನೀರು ಕುಡಿಯುವ ದನಗಳಿಗೆ ಯಕೃತ್ತಿನ ಹುಳದ ಬಾಧೆ ಬರುತ್ತದೆ. ಹಸಿರು ಪಾಚಿ ದಪ್ಪಗೆ ಕಟ್ಟಿದ ನೀರನ್ನೂ ದೂರವಿಡಬೇಕು.

ಕೆಂಪುಕಲ್ಲಿನ ಹಳೆಯ ಕೋರೆಗಳದ್ದು ಬೇರೆಯೇ ಅಪಾಯ. ಅವುಗಳ ಬದಿ ಗೋಡೆಯಂತೆ ನೇರ ಇರುತ್ತದೆ. ಬಾಯಾರಿ ಬಗ್ಗಿದ ದನ ಬಿದ್ದರೆ ಮೇಲೆ ಹತ್ತಲು ದಾರಿಯಿಲ್ಲ. ಅಲ್ಲಿಂದ ನೀರು ತರಲು ಮಕ್ಕಳನ್ನು ಕಳುಹಿಸಲೇಬಾರದು.

ಖರ್ಚಿಲ್ಲದ ವ್ಯವಸ್ಥೆ

ಒಂದು ಗಿಡ್ಡ ದನ, ಎರಡು ಆಡು ಇರುವ ಮನೆಗೆ ಹಗಲಿಗೆ ಎರಡು ಬಾಲ್ದಿ ನೀರು ಒಯ್ದರೂ ದೊಡ್ಡ ವ್ಯತ್ಯಾಸವಾಗುತ್ತದೆ. ಬೆಳಗ್ಗೆ 11ರ ಹೊತ್ತಿಗೆ ಒಮ್ಮೆ, ಮಧ್ಯಾಹ್ನ 3ರ ಹೊತ್ತಿಗೆ ಒಮ್ಮೆ. ಉಳಿದದ್ದನ್ನು ಹಟ್ಟಿಯಲ್ಲಿ ಬೆಳಗ್ಗೆ, ಸಂಜೆ ಕೊಡಬಹುದು.

ಪಾತ್ರೆಯನ್ನು ಮರದ ನೆರಳಲ್ಲಿ, ಹಗ್ಗ ತಲುಪುವ ಅಂಚಿನಲ್ಲಿ ಇಡಬೇಕು. ಗೂಟದ ಹತ್ತಿರ ಇಟ್ಟರೆ ಹಗ್ಗ ಸಿಕ್ಕಿ ಮಗುಚುತ್ತದೆ. ಸುತ್ತ ನಾಲ್ಕು ಕಲ್ಲು ಇಟ್ಟರೆ ಅಲುಗಾಡುವುದಿಲ್ಲ. ಅಡ್ಡಕ್ಕೆ ಸೀಳಿದ ಪ್ಲಾಸ್ಟಿಕ್ ಡ್ರಮ್ ಸಾಕು. ಆದರೆ ಅಡಿಕೆಗೆ ತುತ್ತು-ಸುಣ್ಣದ ದ್ರಾವಣ ಕಲಸಿದ ಡ್ರಮ್ಮಾಗಲೀ, ಕೀಟನಾಶಕ ತುಂಬಿದ್ದ ಡಬ್ಬವಾಗಲೀ ಬೇಡವೇ ಬೇಡ. ತುತ್ತಿನಲ್ಲಿರುವ ತಾಮ್ರ ಜಾನುವಾರಿಗೆ ವಿಷವಾಗಬಲ್ಲದು, ಕುರಿಗಂತೂ ಸ್ವಲ್ಪವೇ ಸಾಕು.

ಸುರಂಗದ ನೀರು ಇರುವ ಮನೆಯವರಿಗೆ ಕೆಲಸ ಇನ್ನೂ ಸುಲಭ. ಸುರಂಗದಿಂದ ನೀರು ಪಂಪಿಲ್ಲದೆ ತಾನಾಗಿ ಇಳಿದು ಬರುತ್ತದೆ. ಟಾಂಕಿ ತುಂಬಿ ಹೊರಗೆ ಹರಿಯುವ ನೀರಿಗೆ ಒಂದು ಪೈಪ್ ಜೋಡಿಸಿ ಕೆಳಗಿನ ತೊಟ್ಟಿಗೆ ಬಿಟ್ಟರೆ ಅಕ್ಕಪಕ್ಕದ ಮನೆಗಳ ದನಗಳಿಗೂ ಆಯಿತು. ತೊಟ್ಟಿಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆಯಬೇಕು. ಇಲ್ಲದಿದ್ದರೆ ಸೊಳ್ಳೆ ಮರಿ ಮಾಡಿ ಡೆಂಗಿಗೆ ದಾರಿಯಾಗುತ್ತದೆ.

ನೀರು ಸಾಲದಿದ್ದರೆ ಗೊತ್ತಾಗುವುದು ಹೇಗೆ?

ಹಾಲು ಇಳಿಯುವುದು, ಮೂತ್ರ ಗಾಢ ಹಳದಿಯಾಗುವುದು, ಸೆಗಣಿ ಗಟ್ಟಿಯಾಗುವುದು, ಮೂತಿ ಒಣಗುವುದು ಮೊದಲ ಲಕ್ಷಣಗಳು. ಕುತ್ತಿಗೆಯ ಚರ್ಮವನ್ನು ಹಿಡಿದು ಎಳೆದು ಬಿಟ್ಟಾಗ ತಕ್ಷಣ ಹಿಂದಕ್ಕೆ ಹೋಗದೆ ಎರಡು ಮೂರು ಸೆಕೆಂಡ್ ಹಾಗೆಯೇ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಕಣ್ಣು ಒಳಗೆ ಹೋಗಿ ಪ್ರಾಣಿ ಮಂಕಾಗಿದ್ದರೆ ಪಶುವೈದ್ಯರನ್ನು ಕರೆಯಬೇಕು. ತುಂಬಾ ಬಾಯಾರಿದ ಪ್ರಾಣಿಗೆ ಒಮ್ಮೆಲೇ ಹೊಟ್ಟೆ ತುಂಬ ಕುಡಿಸದೆ, ನೆರಳಿಗೆ ತಂದು, ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಬಿಟ್ಟು ಕೊಡಬೇಕು.

ಕಾನೂನು ಏನು ಹೇಳುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸಾಕಿದವರು ಪ್ರಾಣಿಗೆ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ತೀರಾ ಗಿಡ್ಡ ಹಗ್ಗದಲ್ಲಿ ಅತಿಯಾಗಿ ಹೊತ್ತು ಕಟ್ಟಿಹಾಕುವುದೂ ಅದೇ ಸೆಕ್ಷನ್ನಿನಲ್ಲಿ ಬರುತ್ತದೆ. ಹಾಲಿಗೆಂದು ಸಾಕಿದ ದನಕ್ಕೂ ಬಕ್ರೀದಿಗೆಂದು ಸಾಕಿದ ಆಡಿಗೂ ಇದು ಒಂದೇ.

ಬೆಳಗ್ಗೆ ಕಟ್ಟಿ ಬರುವವರು ಕೆಲಸಕ್ಕೆ ಹೋಗಿರುವುದರಿಂದ ಮಧ್ಯಾಹ್ನದ ನೀರು ತಪ್ಪುವುದೇ ಹೆಚ್ಚು. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳು ನಾಲ್ಕೈದು ಮನೆಯವರು ಸೇರಿ ಸರದಿ ಹಾಕಿಕೊಂಡರೆ ಆ ಸಮಸ್ಯೆ ಬಗೆಹರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ ಇರುವುದರಿಂದ ಊರಿನ ಯುವಕರು ಈ ಸರದಿಯನ್ನು ವಹಿಸಿಕೊಳ್ಳಬಹುದು.