ಗರ್ಭಚೀಲ ತೆಗೆದರೂ ಕರುಳಿನ ಗಂಟು ಉಳಿದೀತು

ನಮ್ಮ ಖಾನಾಪುರದ ಕಡೆ ಹೆಣ್ಣುಮಗಳು ತಿಂಗಳ ನೋವು ತಾಳಲಾರೆ ಅಂದರೆ ಹಿರಿಯರ ಬಳಿ ಎರಡೇ ಮಾತು. ಮಕ್ಕಳಿಲ್ಲದವಳಿಗೆ, ‘ಒಂದು ಕೂಸಾದ್ರ ಎಲ್ಲಾ ಸರಿ ಆಗ್ತೈತಿ.’ ಮಕ್ಕಳಾದವಳಿಗೆ, ‘ಗರ್ಭಚೀಲ ತಗಸಿಬಿಡವಾ.’ ಎರಡನ್ನೂ ಕೇಳಿಸಿಕೊಂಡವಳು ನಾನು. ನನ್ನ ರೋಗ ಇದ್ದದ್ದು ಕರುಳಲ್ಲಿ.

ಮುಟ್ಟಿನ ದಿನ ಸಂಡಾಸಿಗೆ ಕೂತರೆ ಒಳಗೆ ದಬ್ಬಣ ಹಾಕಿ ತಿರುವಿದಂಥ ನೋವು. ಮುಟ್ಟು ನಿಂತರೆ ನೋವೂ ಇಲ್ಲ. ಜಾಂಬೋಟಿ ಕಡೆಯ ಶಾಲೆಗೆ ಹೋಗುವ ಟೀಚರ್ ನಾನು. ಆ ದಿನಗಳಲ್ಲಿ ಉಪವಾಸವೇ ಬಸ್ ಹತ್ತುತ್ತಿದ್ದೆ. ಒಬ್ಬ ಡಾಕ್ಟರು ಮೂಲವ್ಯಾಧಿ ಎಂದು ಮುಲಾಮು ಕೊಟ್ಟರು. ಮುಂದೆ ಕೊಲೊನೋಸ್ಕೋಪಿಯೂ ಆಯಿತು, ಕರುಳು ಚೆನ್ನಾಗಿದೆ ಅಂದರು. ಕರುಳಿನ ಎಂಡೊಮೆಟ್ರಿಯೋಸಿಸ್‌ನಲ್ಲಿ ಹೆಚ್ಚಾಗಿ ಹಾಗೇ ಕಾಣುತ್ತದೆ. ಗಂಟು ಕರುಳಿನ ಹೊರಮೈಗೆ ಹತ್ತಿ ಗೋಡೆಯೊಳಕ್ಕೆ ಇಳಿಯುತ್ತದೆ, ಒಳಪದರ ನುಣ್ಣಗೇ ಉಳಿಯುತ್ತದೆ.

ಎಂಡೊಮೆಟ್ರಿಯೋಸಿಸ್ ಅಂದರೆ ಗರ್ಭಚೀಲದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವುದು. ಹೆರುವ ವಯಸ್ಸಿನವರಲ್ಲಿ ಸುಮಾರು ಶೇಕಡಾ 10 ಜನರಿಗೆ, ಜಗತ್ತಿನಲ್ಲಿ 19 ಕೋಟಿಯಷ್ಟು ಹೆಣ್ಣುಮಕ್ಕಳಿಗೆ ಇದು ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕರುಳಿಗೆ ಹಬ್ಬುವುದು ಅವರಲ್ಲಿ ಕೆಲವರಿಗೆ ಮಾತ್ರ, ಹೆಚ್ಚಾಗಿ ಗುದನಾಳಕ್ಕೆ ಇಲ್ಲವೇ ಅದರ ಮೇಲಿನ ಸಿಗ್ಮಾಯ್ಡ್ ಭಾಗಕ್ಕೆ. ಬೆಳಗಾವಿಯಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು ‘ಸಂಡಾಸಿನ ನೋವು ಮುಟ್ಟಿನ ಜೋಡಿನೇ ಬರ್ತದೇನು?’ ಎಂದು ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲ. ಯೋನಿ ಮೂಲಕ ಮಾಡುವ ಸ್ಕ್ಯಾನ್, ಎಂಆರ್‌ಐ ಎರಡರಲ್ಲೂ ಗಂಟು ಸಿಕ್ಕಿತು.

ಎಲ್ಲರಿಗೂ ಆಪರೇಶನ್ ಬೇಕಿಲ್ಲ. ಡೈನೊಜೆಸ್ಟ್‌ನಂಥ ಹಾರ್ಮೋನು ಗುಳಿಗೆಯಿಂದ ಅನೇಕರ ನೋವು ಹಿಡಿತಕ್ಕೆ ಬರುತ್ತದೆ. ಅದರಿಂದ ಆಗದಿದ್ದರೆ, ಕರುಳಿನ ದಾರಿಯೇ ಕಟ್ಟತೊಡಗಿದರೆ ಶಸ್ತ್ರಚಿಕಿತ್ಸೆ. ಗಂಟು ಮೇಲ್ಮೈಯಲ್ಲಿದ್ದರೆ ಹೆರೆದು ತೆಗೆಯುತ್ತಾರೆ. ಆಳಕ್ಕಿಳಿದೂ ಚಿಕ್ಕದಾಗಿದ್ದರೆ ಅಷ್ಟಗಲ ಬಿಲ್ಲೆಯಂತೆ ಕತ್ತರಿಸಿ ಹೊಲಿಯುತ್ತಾರೆ. ನನ್ನದು ದೊಡ್ಡದು, ಲ್ಯಾಪರೋಸ್ಕೋಪಿಯಲ್ಲೇ ಕರುಳಿನ ಆ ತುಂಡು ತೆಗೆದು ಎರಡು ತುದಿಗಳನ್ನು ಸ್ಟೇಪಲರ್‌ನಿಂದ ಜೋಡಿಸಿದರು. ಸ್ತ್ರೀರೋಗ ತಜ್ಞೆಯ ಪಕ್ಕದಲ್ಲಿ ಕರುಳಿನ ಸರ್ಜನ್ ನಿಂತಿದ್ದರು. ಇದು ಒಬ್ಬರೇ ಮಾಡುವ ಕೆಲಸವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜೋಡಣೆ ಸೋರಬಹುದು, ಯೋನಿಗೂ ಕರುಳಿಗೂ ನಡುವೆ ತೂತು ಬೀಳಬಹುದು, ಮೂತ್ರ ಕಟ್ಟಬಹುದು, ಕೆಲಕಾಲ ಹೊಟ್ಟೆಯ ಮೇಲೆ ಮಲದ ಚೀಲ ಬೇಕಾಗಬಹುದು ಎಂದು ಮೊದಲೇ ಬಿಡಿಸಿ ಹೇಳಿದ್ದರು. ನನಗೆ ಚೀಲ ಬೇಕಾಗಲಿಲ್ಲ. ಆದರೆ ಹಲವು ತಿಂಗಳು ಮೇಲಿಂದ ಮೇಲೆ ಸಂಡಾಸಿಗೆ ಓಡಿದ್ದೇನೆ. ರೋಗ ಮರಳುವ ಸಾಧ್ಯತೆಯೂ ಇದೆ, ಗುಳಿಗೆ ಬಿಟ್ಟಿಲ್ಲ.

ಗರ್ಭಚೀಲವನ್ನಷ್ಟೇ ತೆಗೆಸಿದ್ದರೆ ಕರುಳಿನ ಗಂಟು ಅಲ್ಲೇ ಇರುತ್ತಿತ್ತು. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ವಯಸ್ಸಿಗೆ ಮುಂಚೆ ಋತುಬಂಧವಾಗಿ ಮೂಳೆ ಸವೆಯುವ ಕಷ್ಟ ಬೇರೆ. ಬೆಳಗಾವಿ ನಮಗೆ ದೂರವಲ್ಲ. ಅಲ್ಲಿ ಸರಕಾರಿ ಬಿಮ್ಸ್ ಇದೆ, ಕೆಎಲ್‌ಇಯ ಜೆಎನ್‌ಎಂಸಿ ಇದೆ. ವೈದ್ಯಕೀಯ ಕಾಲೇಜೆಂದ ಮೇಲೆ ಸ್ತ್ರೀರೋಗ, ಶಸ್ತ್ರಚಿಕಿತ್ಸೆ ಎರಡೂ ವಿಭಾಗಗಳಿರುತ್ತವೆ.

ಮೊನ್ನೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಬಂದಿದ್ದಳು. ಗರ್ಭಚೀಲ ತೆಗೆಸಲು ದಿನ ಗೊತ್ತಾಗಿದೆ ಅಂದಳು. ಸಂಡಾಸಿನ ನೋವು ಯಾವ ಯಾವ ತಾರೀಖಿಗೆ ಬಂತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದೆ. ಡಾಕ್ಟರಿಗೆ ಕೇಳಲು ಎರಡು ಪ್ರಶ್ನೆ ಬರೆದುಕೊಟ್ಟೆ: ಕರುಳನ್ನು ನೋಡಿದ್ದೀರಾ? ಅಲ್ಲಿ ಗಂಟಿದ್ದರೆ ಅದನ್ನು ತೆಗೆಯುವವರು ಯಾರು?